ಮನೆಯ ನಿಸ್ತಂತು ರೌಟರ್: ಸ್ಥಾಪನೆ, ಭದ್ರತೆ ಮತ್ತು ಚಂದಾದಾರನ ಹೊಣೆ

ವ್ಯಾಪಾರದ ಲೆಕ್ಕಪತ್ರಗಳು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೇ ಇರುತ್ತಿದ್ದ ಕಾಲ ಹಿಂದೆ ಸರಿದಿದೆ. ಜಿಎಸ್‌ಟಿ ರಿಟರ್ನ್ ಸಲ್ಲಿಕೆ, ಇ-ವೇ ಬಿಲ್ ತಯಾರಿಕೆ, ಮುಂಗಡ ತೆರಿಗೆ ಪಾವತಿ, ಸರಬರಾಜುದಾರರಿಗೆ ಹಣ ರವಾನೆ ಮುಂತಾದ ಕಾರ್ಯಗಳನ್ನು ಅನೇಕ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ರಾತ್ರಿಯ ಊಟದ ಬಳಿಕ ಮನೆಯಲ್ಲಿಯೇ ಪೂರೈಸುತ್ತಾರೆ. 2020ರ ಲಾಕ್‌ಡೌನ್ ಈ ರೂಢಿಗೆ ಇನ್ನಷ್ಟು ವೇಗ ನೀಡಿತು. ಹೀಗಾಗಿ ಮನೆಯ ಮೂಲೆಯಲ್ಲಿ ಹಸಿರು ದೀಪಗಳನ್ನು ಮಿನುಗಿಸುತ್ತಾ ಕುಳಿತಿರುವ ಚಿಕ್ಕ ಪೆಟ್ಟಿಗೆಯು ಕೇವಲ ಮಕ್ಕಳ ಮನರಂಜನೆಯ ಸಾಧನವಾಗಿ ಉಳಿದಿಲ್ಲ. ಅದು ವ್ಯವಹಾರದ ಹೆಬ್ಬಾಗಿಲಾಗಿದೆ.

ತಿಜೋರಿಯ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗುವ ವರ್ತಕರೂ ಈ ಹೆಬ್ಬಾಗಿಲಿಗೆ ಬೀಗವಿದೆಯೇ ಎಂದು ವಿಚಾರಿಸುವುದು ಅಪರೂಪ. ಸೇವಾದಾತ ಸಂಸ್ಥೆಯ ತಂತ್ರಜ್ಞನು ಬಂದು, ಸಾಧನವನ್ನು ಗೋಡೆಗೆ ಜೋಡಿಸಿ, ‘ನೆಟ್ ಬರುತ್ತಿದೆ, ನೋಡಿ’ ಎಂದು ಹೇಳಿ ಹೊರಟರೆ ಕೆಲಸ ಮುಗಿಯಿತೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಚಂದಾದಾರನ ಕೆಲಸ ಆರಂಭವಾಗುವುದು ಅಲ್ಲಿಂದಲೇ. ಅದಕ್ಕೆ ಬೇಕಾಗುವುದು ಅರ್ಧ ಗಂಟೆಯ ಸಮಯ ಮಾತ್ರ. ಬಹುಪಾಲು ಕ್ರಮಗಳಿಗೆ ಒಂದು ರೂಪಾಯಿಯ ವೆಚ್ಚವೂ ಇಲ್ಲ.

ಸಾಧನದ ಪರಿಚಯ

ದೂರವಾಣಿಯ ತಾಮ್ರದ ತಂತಿ ಅಥವಾ ಆಪ್ಟಿಕಲ್ ಫೈಬರ್ ಮೂಲಕ ಬರುವ ಸಂಕೇತವನ್ನು ಗಣಕಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರುವುದು ಮೋಡೆಮ್‌ನ ಕೆಲಸ. ಹಾಗೆ ಬಂದ ಒಂದೇ ಸಂಪರ್ಕವನ್ನು ಮನೆಯ ಹಲವು ಸಾಧನಗಳಿಗೆ ಹಂಚುವುದು ರೌಟರ್‌ನ ಕೆಲಸ. ಇಂದು ಎರಡೂ ಸಾಮಾನ್ಯವಾಗಿ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಫೈಬರ್ ಸಂಪರ್ಕಗಳಲ್ಲಿ ಈ ಪೆಟ್ಟಿಗೆಯನ್ನು ಓಎನ್‌ಟಿ ಎಂದು ಕರೆಯುವುದುಂಟು. ಹೆಸರು ಯಾವುದೇ ಇರಲಿ, ಅದರೊಳಗೆ ಒಂದು ಚಿಕ್ಕ ಗಣಕಯಂತ್ರವೇ ಇರುತ್ತದೆ ಎಂಬುದನ್ನು ಮರೆಯಬಾರದು. ಅದಕ್ಕೆ ತನ್ನದೇ ಆದ ತಂತ್ರಾಂಶವಿದೆ, ತನ್ನದೇ ಆದ ಗುಪ್ತಪದವಿದೆ. ಆದುದರಿಂದ ತನ್ನದೇ ಆದ ದೌರ್ಬಲ್ಯಗಳೂ ಇವೆ.

ನಿಸ್ತಂತು ಸಂಕೇತವು ಮನೆಯ ಗೋಡೆಗೆ ಬಂದು ನಿಲ್ಲುವುದಿಲ್ಲ. ಅದು ಪಕ್ಕದ ಮನೆಗೂ, ಮೆಟ್ಟಿಲ ಬಳಿಗೂ, ರಸ್ತೆಯಲ್ಲಿ ನಿಂತ ವಾಹನದವರೆಗೂ ಹರಿಯುತ್ತದೆ. ಆದ್ದರಿಂದ ಜಾಲದೊಳಗೆ ಯಾರು ಬರಬಹುದು ಎಂಬುದನ್ನು ಗೋಡೆಯಲ್ಲ, ರೌಟರ್‌ನ ವ್ಯವಸ್ಥೆಯೇ ನಿರ್ಧರಿಸಬೇಕಾಗುತ್ತದೆ.

ಎರಡು ಘಟನೆಗಳು

ಇದು ಕೇವಲ ಸೈದ್ಧಾಂತಿಕ ಆತಂಕವಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳು ಸಂಭವಿಸಿದವು. ಅದಕ್ಕೆ ಕೆಲವೇ ನಿಮಿಷಗಳ ಮೊದಲು ಮಾಧ್ಯಮ ಸಂಸ್ಥೆಗಳಿಗೆ ಬೆದರಿಕೆಯ ಇ-ಮೇಲ್ ಬಂದಿತ್ತು. ಅದರ ಜಾಡನ್ನು ಹಿಡಿದ ತನಿಖಾಧಿಕಾರಿಗಳು ತಲುಪಿದ್ದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ವಿದೇಶಿ ಪ್ರಜೆಯೊಬ್ಬರ ಮನೆಯನ್ನು. ಅವರ ನಿಸ್ತಂತು ಸಂಪರ್ಕವನ್ನು ಬೇರೆಯವರು ಬಳಸಿಕೊಂಡಿದ್ದರೆಂಬುದು ಬಳಿಕ ತಿಳಿದುಬಂದಿತು. ಅಷ್ಟರಲ್ಲಿ ಅವರು ವಿಚಾರಣೆಯನ್ನು ಎದುರಿಸಬೇಕಾಗಿತ್ತು, ಗಣಕಯಂತ್ರಗಳು ಪೊಲೀಸರ ವಶಕ್ಕೆ ಹೋಗಿದ್ದವು. ಅದೇ ವರ್ಷದ ಸೆಪ್ಟೆಂಬರ್ 13ರಂದು ನಡೆದ ದೆಹಲಿ ಸ್ಫೋಟಗಳ ಸಂದರ್ಭದಲ್ಲಿಯೂ ಇ-ಮೇಲ್‌ನ ಜಾಡು ಮುಂಬಯಿಯ ಚೆಂಬೂರಿನ ಖಾಸಗಿ ಕಂಪನಿಯೊಂದರ ನಿಸ್ತಂತು ಜಾಲಕ್ಕೆ ಮುಟ್ಟಿತು. 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆಯು ನಿಸ್ತಂತು ಸಂಪರ್ಕಗಳನ್ನು ಭದ್ರಗೊಳಿಸುವ ಕುರಿತು ಸೇವಾದಾತ ಸಂಸ್ಥೆಗಳಿಗೆ ನಿರ್ದೇಶನ ನೀಡಿತು.

ಎರಡನೆಯ ಘಟನೆ ನಮ್ಮ ರಾಜ್ಯದ್ದೇ. 2017ರ ಜುಲೈ ತಿಂಗಳ ಕೊನೆಯಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ ಸುಮಾರು 60,000 ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಕುತಂತ್ರಾಂಶದ ದಾಳಿಗೆ ತುತ್ತಾದವೆಂದು ವರದಿಯಾಯಿತು. ಸಂಸ್ಥೆಯ ಮೂಲ ಜಾಲಕ್ಕೆ ಧಕ್ಕೆಯಾಗಿರಲಿಲ್ಲ. ದಾಳಿಗೊಳಗಾದವು ಗ್ರಾಹಕರ ಮನೆ ಮತ್ತು ಕಚೇರಿಗಳಲ್ಲಿದ್ದ, ತಯಾರಕರು ಕೊಟ್ಟ ‘ಅಡ್ಮಿನ್’ ಎಂಬ ಬಳಕೆದಾರ ಹೆಸರನ್ನೂ ‘ಅಡ್ಮಿನ್’ ಎಂಬ ಗುಪ್ತಪದವನ್ನೂ ಹಾಗೆಯೇ ಉಳಿಸಿಕೊಂಡಿದ್ದ ಸಾಧನಗಳು. ಗುಪ್ತಪದವನ್ನು ಬದಲಾಯಿಸುವಂತೆ ಸಂಸ್ಥೆಯು ಗ್ರಾಹಕರನ್ನು ಕೋರಿತು. ಹೊಸ ಬೀಗ ಕೊಂಡು, ಅಂಗಡಿಯವನು ಕೀಲಿಯನ್ನು ಬೀಗಕ್ಕೇ ಕಟ್ಟಿಕೊಟ್ಟಂತೆ ಬಾಗಿಲಿಗೆ ಹಾಕಿದರೆ ಆಗುವ ಪರಿಣಾಮವೇ ಇಲ್ಲಿಯೂ ಆಯಿತು.

ಎರಡೂ ಘಟನೆಗಳಿಂದ ಹೊರಡುವ ಪಾಠ ಒಂದೇ. ಅಂತರಜಾಲದಲ್ಲಿ ನಡೆದ ಕೃತ್ಯದ ಜಾಡು ಮೊದಲು ಮುಟ್ಟುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲನ್ನು. ಸಹಿ ಹಾಕಿದ ಖಾಲಿ ಚೆಕ್ಕನ್ನು ಮೇಜಿನ ಮೇಲೆ ಬಿಟ್ಟು ಹೋಗದವರು ತಮ್ಮ ಹೆಸರಿನ ಸಂಪರ್ಕವನ್ನೂ ಹಾಗೆ ಬಿಡಬಾರದು.

ಗುಪ್ತಪದಗಳು ಎರಡು

ರೌಟರ್‌ಗೆ ಎರಡು ಪ್ರತ್ಯೇಕ ಗುಪ್ತಪದಗಳಿವೆ ಎಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಮೊದಲನೆಯದು ವೈ-ಫೈ ಗುಪ್ತಪದ. ಮೊಬೈಲನ್ನೋ ಲ್ಯಾಪ್‌ಟಾಪನ್ನೋ ಜಾಲಕ್ಕೆ ಸೇರಿಸುವಾಗ ನೀಡುವಂಥದ್ದು. ಎರಡನೆಯದು ಆಡಳಿತ ಗುಪ್ತಪದ. ರೌಟರ್‌ನ ವ್ಯವಸ್ಥೆಯನ್ನೇ ಬದಲಾಯಿಸುವ ಅಧಿಕಾರ ನೀಡುವಂಥದ್ದು. ಮೊದಲನೆಯದು ಅಂಗಡಿಯ ಬಾಗಿಲಿನ ಕೀಲಿಯಾದರೆ, ಎರಡನೆಯದು ಬ್ಯಾಂಕಿನಲ್ಲಿ ಸಹಿ ಬದಲಾಯಿಸುವ ಅಧಿಕಾರಕ್ಕೆ ಸಮಾನ. 2017ರ ದಾಳಿಗೆ ದಾರಿಯಾದದ್ದು ಎರಡನೆಯದು.

ಆಡಳಿತ ಗುಪ್ತಪದ ಪರರ ಕೈಸೇರಿದರೆ ಸಂಭವಿಸಬಹುದಾದ ಅತ್ಯಂತ ಅಪಾಯಕಾರಿ ಬದಲಾವಣೆ ಡಿಎನ್‌ಎಸ್ ವಿಳಾಸದ್ದು. ಬ್ಯಾಂಕಿನ ಜಾಲತಾಣದ ಹೆಸರನ್ನು ಬೆರಳಚ್ಚಿಸಿದಾಗ, ಆ ಹೆಸರಿಗೆ ಸಂಬಂಧಿಸಿದ ಅಂಕಿಯ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಅದನ್ನು ಕಳ್ಳರು ತಮ್ಮ ಕಡೆಗೆ ತಿರುಗಿಸಿದರೆ, ಗ್ರಾಹಕನು ಸರಿಯಾದ ಹೆಸರನ್ನೇ ಬರೆದರೂ ನಕಲಿ ಪುಟಕ್ಕೆ ಹೋಗಿ ಬೀಳಬಹುದು. ಬ್ಯಾಂಕುಗಳ ಜಾಲತಾಣಗಳು ಗೂಢಲಿಪಿಯ ರಕ್ಷಣೆ ಹೊಂದಿರುವುದರಿಂದ ಇಂತಹ ಸಂದರ್ಭದಲ್ಲಿ ಬ್ರೌಸರ್ ಸಾಮಾನ್ಯವಾಗಿ ಎಚ್ಚರಿಕೆ ನೀಡುತ್ತದೆ. ರಿಟರ್ನ್ ಸಲ್ಲಿಕೆಯ ಕಡೆಯ ದಿನದ ಧಾವಂತದಲ್ಲಿ ಆ ಎಚ್ಚರಿಕೆಯನ್ನು ಕಡೆಗಣಿಸಿ ಮುಂದುವರಿಯುವುದು ಸರ್ವಥಾ ಸಲ್ಲದು.

ಸ್ಥಾಪನೆ: ಸ್ಥಳದ ಆಯ್ಕೆ

ರೌಟರನ್ನು ಮನೆಯ ಮಧ್ಯಭಾಗದಲ್ಲಿ, ಎದೆಮಟ್ಟ ಅಥವಾ ಅದಕ್ಕಿಂತ ಎತ್ತರದಲ್ಲಿ ಇಡುವುದು ಸೂಕ್ತ. ಕಬ್ಬಿಣದ ಅಲ್ಮೇರಾ, ದೊಡ್ಡ ಕನ್ನಡಿ ಇವುಗಳ ಹಿಂದೆ ಇಟ್ಟರೆ ಸಂಕೇತ ಕುಂದುತ್ತದೆ. ಬೀದಿಯ ಕಡೆಯ ಕಿಟಕಿಯ ಬಳಿ ಇಟ್ಟರೆ ಸಂಕೇತದ ಅರ್ಧ ಭಾಗ ದಾರಿಹೋಕರ ಪಾಲಾಗುತ್ತದೆ.

ಇಂದಿನ ಬಹುತೇಕ ರೌಟರ್‌ಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಕಾರ್ಯನಿರ್ವಹಿಸುತ್ತವೆ. ಮೊದಲನೆಯದು ಗೋಡೆಗಳನ್ನು ದಾಟಿ ದೂರ ಹೋಗುತ್ತದೆ. ಆದರೆ ವೇಗ ಕಡಿಮೆ, ಮೈಕ್ರೋವೇವ್ ಒಲೆಯೂ ಅದಕ್ಕೆ ಅಡ್ಡಿಪಡಿಸುತ್ತದೆ. ಎರಡನೆಯದು ವೇಗವಾದದ್ದು, ಆದರೆ ವ್ಯಾಪ್ತಿ ಕಿರಿದು. ಲೆಕ್ಕಪತ್ರದ ಗಣಕಯಂತ್ರ ರೌಟರ್ ಇರುವ ಕೋಣೆಯಲ್ಲಿಯೇ ಇದ್ದರೆ 5 ಗಿಗಾಹರ್ಟ್ಸ್ ಪಟ್ಟಿ ಲೇಸು. ತಂತಿಯಿಂದಲೇ ಜೋಡಿಸಿದರೆ ಇನ್ನೂ ಲೇಸು. ಒತ್ತೊತ್ತಾದ ವಸತಿ ಸಮುಚ್ಚಯಗಳಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಬಳಸುವವರು ಒಂದನ್ನೊಂದು ಅತಿಕ್ರಮಿಸದ 1, 6 ಅಥವಾ 11ನೇ ಚಾನೆಲ್‌ಗಳ ಪೈಕಿ ದಟ್ಟಣೆ ಕಡಿಮೆಯಿರುವುದನ್ನು ಆರಿಸಿಕೊಳ್ಳಬೇಕು.

ಭದ್ರತೆ: ಕೈಗೊಳ್ಳಬೇಕಾದ ಕ್ರಮಗಳು

ರೌಟರ್‌ನ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಅದರ ಆಡಳಿತ ಪುಟದ ವಿಳಾಸ ಇರುತ್ತದೆ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1. ಜಾಲಕ್ಕೆ ಸೇರಿದ ಗಣಕಯಂತ್ರದ ಬ್ರೌಸರ್‌ನಲ್ಲಿ ಈ ಅಂಕಿಗಳನ್ನು ಬೆರಳಚ್ಚಿಸಿದರೆ ಪುಟ ತೆರೆಯುತ್ತದೆ. ಕೆಲವು ಸೇವಾದಾತರು ಇದಕ್ಕಾಗಿ ಮೊಬೈಲ್ ಆ್ಯಪ್ ಒದಗಿಸಿದ್ದಾರೆ. ಅಲ್ಲಿ ಈ ಕೆಳಕಂಡ ಕ್ರಮಗಳನ್ನು ಅನುಸರಿಸಬೇಕು.

1. ಆಡಳಿತ ಗುಪ್ತಪದದ ಬದಲಾವಣೆ: ಇದು ಮೊದಲ ಕೆಲಸ. ಹೊಸ ಗುಪ್ತಪದ ವೈ-ಫೈ ಗುಪ್ತಪದಕ್ಕಿಂತ ಭಿನ್ನವಾಗಿರಬೇಕು. ಬ್ರಿಟನ್ ದೇಶವು 2024ರ ಏಪ್ರಿಲ್ 29ರಿಂದ ಎಲ್ಲ ಸಾಧನಗಳಿಗೂ ಒಂದೇ ಸುಲಭ ಗುಪ್ತಪದವನ್ನು ಇಟ್ಟು ಮಾರುವುದನ್ನು ಕಾನೂನಿನ ಮೂಲಕವೇ ನಿಷೇಧಿಸಿದೆ ಎಂಬುದರಿಂದ ವಿಷಯದ ಗಾಂಭೀರ್ಯವನ್ನು ಅರಿಯಬಹುದು.

2. ಗೂಢಲಿಪಿಯ ಆಯ್ಕೆ: ಭದ್ರತೆಯ ವಿಭಾಗದಲ್ಲಿ ಡಬ್ಲ್ಯುಇಪಿ, ಡಬ್ಲ್ಯುಪಿಎ, ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎಂಬ ಹೆಸರುಗಳು ಕಾಣಬಹುದು. ಡಬ್ಲ್ಯುಇಪಿಯ ದೌರ್ಬಲ್ಯ 2001ರಲ್ಲಿಯೇ ಬಯಲಾಗಿದೆ. ಅದನ್ನು ಬಳಸುವುದೂ ಬಾಗಿಲನ್ನು ತೆರೆದಿಡುವುದೂ ಒಂದೇ. 2004ರಲ್ಲಿ ಬಂದ ಡಬ್ಲ್ಯುಪಿಎ2 ಕನಿಷ್ಠ ಅಗತ್ಯ. 2018ರಲ್ಲಿ ಬಂದ ಡಬ್ಲ್ಯುಪಿಎ3 ಲಭ್ಯವಿದ್ದರೆ ಅದನ್ನೇ ಆರಿಸಬೇಕು. ಹಳೆಯ ಮೊಬೈಲ್‌ಗಳು ಮನೆಯಲ್ಲಿದ್ದರೆ ಎರಡನ್ನೂ ಒಳಗೊಂಡ ಮಿಶ್ರ ಆಯ್ಕೆ ಸಾಕಾಗುತ್ತದೆ.

3. ದೀರ್ಘವಾದ ವೈ-ಫೈ ಗುಪ್ತಪದ: ಡಬ್ಲ್ಯುಪಿಎ2 ಪದ್ಧತಿಯಲ್ಲಿ 8ರಿಂದ 63 ಅಕ್ಷರಗಳಿಗೆ ಅವಕಾಶವಿದೆ. ಈ ಪದ್ಧತಿಯ ಕೊರತೆಯೆಂದರೆ, ಸಾಧನವೊಂದು ಜಾಲಕ್ಕೆ ಸೇರುವಾಗಿನ ಸಂಕೇತವನ್ನು ದಾರಿಯಲ್ಲಿ ನಿಂತವನು ಹಿಡಿದುಕೊಂಡು, ತನ್ನ ಮನೆಯಲ್ಲಿ ಕುಳಿತು ಲಕ್ಷೋಪಲಕ್ಷ ಗುಪ್ತಪದಗಳನ್ನು ಪರೀಕ್ಷಿಸಿ ನೋಡಬಹುದು. ರೌಟರ್‌ಗೆ ಅದರ ಸುಳಿವೂ ಸಿಗುವುದಿಲ್ಲ. 2021ರಲ್ಲಿ ಸೈಬರ್‌ಆರ್ಕ್ ಸಂಸ್ಥೆಯ ಸಂಶೋಧಕರೊಬ್ಬರು ಇಸ್ರೇಲಿನ ಟೆಲ್ ಅವೀವ್ ನಗರದಲ್ಲಿ 5,000 ಜಾಲಗಳ ಸಂಕೇತಗಳನ್ನು ಸಂಗ್ರಹಿಸಿ ಪರೀಕ್ಷಿಸಿದಾಗ ಸುಮಾರು ಶೇ. 70ರಷ್ಟು ಗುಪ್ತಪದಗಳು ಬಯಲಾದವು. ಅವುಗಳಲ್ಲಿ ಬಹಳಷ್ಟು ಮಾಲೀಕರ ಮೊಬೈಲ್ ಸಂಖ್ಯೆಗಳೇ ಆಗಿದ್ದವು. ನಮ್ಮಲ್ಲಿಯೂ ಇದೇ ರೂಢಿಯಿದೆ. ವರ್ತಕರ ಮೊಬೈಲ್ ಸಂಖ್ಯೆಯಂತೂ ಅಂಗಡಿಯ ಫಲಕದಲ್ಲಿ, ಬಿಲ್ ಪುಸ್ತಕದಲ್ಲಿ, ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚಾಗಿರುತ್ತದೆ. ಅದನ್ನು ಊಹಿಸುವ ಶ್ರಮವೂ ಬೇಕಿಲ್ಲ. ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಕೂಡಿಸಿ, ನಡುವೆ ಅಂಕಿಗಳನ್ನು ಸೇರಿಸಿದರೆ ನೆನಪಿಡಲು ಸುಲಭವೂ ಭೇದಿಸಲು ಕಠಿಣವೂ ಆದ ಗುಪ್ತಪದ ದೊರೆಯುತ್ತದೆ.

4. ಡಬ್ಲ್ಯುಪಿಎಸ್ ಸೌಲಭ್ಯದ ಸ್ಥಗಿತ: ದೀರ್ಘ ಗುಪ್ತಪದದ ಬದಲು 8 ಅಂಕಿಗಳ ಪಿನ್ ಮೂಲಕ ಸಾಧನವನ್ನು ಸೇರಿಸುವ ಅನುಕೂಲವಿದು. ಎಂಟು ಅಂಕಿಗಳೆಂದರೆ 10 ಕೋಟಿ ಸಾಧ್ಯತೆಗಳೆಂದು ತೋರುತ್ತದೆ. ಆದರೆ ಕೊನೆಯ ಅಂಕಿಯು ಉಳಿದ ಅಂಕಿಗಳ ತಾಳೆಗಾಗಿ ಇರುವಂಥದ್ದು, ಉಳಿಯುವುದು ಏಳು. ರೌಟರ್ ಆ ಏಳನ್ನೂ ಒಟ್ಟಿಗೆ ಪರೀಕ್ಷಿಸದೆ, ಮೊದಲ ನಾಲ್ಕು ಸರಿಯೇ, ನಂತರದ ಮೂರು ಸರಿಯೇ ಎಂದು ಬಿಡಿಬಿಡಿಯಾಗಿ ಉತ್ತರ ಕೊಡುತ್ತದೆ. ಹೀಗಾಗಿ 10,000 ಮತ್ತು 1,000 ಸೇರಿ ಕೇವಲ 11,000 ಪ್ರಯತ್ನಗಳಲ್ಲಿ ಪಿನ್ ಸಿಗುತ್ತದೆ. ಈ ದೋಷ 2011ರ ಡಿಸೆಂಬರ್‌ನಲ್ಲಿ ಬಹಿರಂಗವಾಯಿತು. ಗುಪ್ತಪದ ಎಷ್ಟೇ ದೀರ್ಘವಾಗಿದ್ದರೂ ಈ ಹಿತ್ತಿಲ ಬಾಗಿಲು ತೆರೆದಿದ್ದರೆ ಪ್ರಯೋಜನವಿಲ್ಲ.

5. ದೂರನಿಯಂತ್ರಣದ ಸ್ಥಗಿತ: ರಿಮೋಟ್ ಮ್ಯಾನೇಜ್‌ಮೆಂಟ್ ಎಂಬ ಆಯ್ಕೆಯು ಮನೆಯ ಹೊರಗಿನಿಂದ, ಅಂದರೆ ಇಡೀ ಅಂತರಜಾಲದಿಂದ, ಆಡಳಿತ ಪುಟವನ್ನು ತೆರೆಯಲು ಅವಕಾಶ ಕೊಡುತ್ತದೆ. ವಿಶೇಷ ಅಗತ್ಯವಿಲ್ಲದಿದ್ದರೆ ಅದನ್ನು ನಿಲ್ಲಿಸಬೇಕು. ಜಾಲದೊಳಗಿನ ಸಾಧನಗಳು ತಾವಾಗಿಯೇ ಹೊರಗಿನವರಿಗೆ ದಾರಿ ತೆರೆಯಲು ಬಿಡುವ ಯುಪಿಎನ್‌ಪಿ ಆಯ್ಕೆಗೂ ಇದೇ ನಿಯಮ ಅನ್ವಯಿಸುತ್ತದೆ.

6. ಅತಿಥಿ ಜಾಲ: ಬಹುತೇಕ ರೌಟರ್‌ಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬ ಪ್ರತ್ಯೇಕ ಜಾಲವನ್ನು ತೆರೆಯಬಹುದು. ನೆಂಟರು, ಬಾಡಿಗೆದಾರರು, ಸಿಸಿಟಿವಿ ಕ್ಯಾಮೆರಾ ಮತ್ತು ಸ್ಮಾರ್ಟ್ ಟಿವಿಗಳನ್ನು ಅಲ್ಲಿರಿಸಿ, ಲೆಕ್ಕಪತ್ರದ ಗಣಕಯಂತ್ರವಿರುವ ಜಾಲವನ್ನು ಬೇರೆಯಾಗಿಡುವುದು ವಿವೇಕ. ಲೆಕ್ಕ ತಂತ್ರಾಂಶದ ದತ್ತಾಂಶವನ್ನು ಹಂಚಿಕೆಯ ಫೋಲ್ಡರಿನಲ್ಲಿ ಇಡುವ ಪದ್ಧತಿ ಅನೇಕ ಕಡೆ ಇರುವುದರಿಂದ, ಅದೇ ಜಾಲಕ್ಕೆ ಸೇರಿದ ಸೋಂಕಿತ ಸಾಧನವೊಂದು ಇಡೀ ಖಾತೆ ಪುಸ್ತಕವನ್ನು ಕೆಡಿಸಬಲ್ಲದು. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ವನ್ನಾಕ್ರೈ ಎಂಬ ಕುತಂತ್ರಾಂಶ ಒಂದು ಗಣಕಯಂತ್ರದಿಂದ ಅದೇ ಜಾಲದ ಮತ್ತೊಂದಕ್ಕೆ ತಾನಾಗಿಯೇ ಹರಡಿ, ಕಡತಗಳಿಗೆ ಬೀಗ ಹಾಕಿ ಒತ್ತೆಹಣ ಕೇಳಿತ್ತು.

7. ತಂತ್ರಾಂಶದ ನವೀಕರಣ: ರೌಟರ್‌ನ ಒಳ ತಂತ್ರಾಂಶವಾದ ಫರ್ಮ್‌ವೇರ್‌ನ ದೋಷಗಳನ್ನು ತಯಾರಕರು ಆಗಾಗ ಸರಿಪಡಿಸುತ್ತಾರೆ. ಸ್ವಯಂಚಾಲಿತ ನವೀಕರಣದ ಆಯ್ಕೆ ಇದ್ದರೆ ಅದನ್ನು ಚಾಲನೆಯಲ್ಲಿಡಬೇಕು. ತಯಾರಕರೇ ಕೈಬಿಟ್ಟಿರುವ ಹಳೆಯ ಮಾದರಿಗಳನ್ನು ಬದಲಾಯಿಸುವುದೇ ಸರಿ. ಇಂತಹ ಹಳೆಯ ರೌಟರ್‌ಗಳನ್ನು ವಶಪಡಿಸಿಕೊಂಡು, ಅವುಗಳ ವಿಳಾಸದ ಮರೆಯಲ್ಲಿ ಅಪರಾಧ ನಡೆಸಲು ಬಾಡಿಗೆಗೆ ಕೊಡುವ ಜಾಲಗಳ ಬಗ್ಗೆ ಅಮೆರಿಕದ ಎಫ್‌ಬಿಐ 2025ರ ಮೇ ತಿಂಗಳಲ್ಲಿ ಎಚ್ಚರಿಕೆ ನೀಡಿತ್ತು.

ಭರವಸೆ ಇಡಬಾರದ ಉಪಾಯಗಳು

ಜಾಲದ ಹೆಸರನ್ನು ಮರೆಮಾಡಿದರೆ ಯಾರಿಗೂ ಕಾಣುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಸುಲಭವಾಗಿ ದೊರೆಯುವ ತಂತ್ರಾಂಶಗಳಿಂದ ಅದನ್ನು ಪತ್ತೆ ಹಚ್ಚಬಹುದು. ಗುರುತಿನ ಸಂಖ್ಯೆಯ ಆಧಾರದ ಮೇಲೆ ಆಯ್ದ ಸಾಧನಗಳಿಗೆ ಮಾತ್ರ ಪ್ರವೇಶ ನೀಡುವ ಮ್ಯಾಕ್ ಫಿಲ್ಟರ್ ವಿಧಾನದ ಸ್ಥಿತಿಯೂ ಇದೇ. ಆ ಸಂಖ್ಯೆಯನ್ನು ನಕಲು ಮಾಡುವುದು ಕಷ್ಟವಲ್ಲ. ಇವು ಹೆಚ್ಚುವರಿ ಪರದೆಗಳಾಗಬಲ್ಲವೇ ಹೊರತು ಬೀಗವಾಗಲಾರವು. ಜಾಲಕ್ಕೆ ತನ್ನ ಹೆಸರು, ಮನೆಯ ಸಂಖ್ಯೆ ಅಥವಾ ಅಂಗಡಿಯ ಹೆಸರನ್ನು ಇಡದಿರುವುದು ಮಾತ್ರ ನಿಜಕ್ಕೂ ಉಪಯುಕ್ತ. ಇಲ್ಲಿ ಯಾರ ವ್ಯವಹಾರವಿದೆ ಎಂದು ಬೀದಿಗೆ ಸಾರುವ ಅಗತ್ಯವಿಲ್ಲ.

ದಾಸ್ತಾನು ಪರಿಶೀಲನೆಯಂತೆ ಸಾಧನಗಳ ಪರಿಶೀಲನೆ

ವರ್ಷಾಂತ್ಯದಲ್ಲಿ ದಾಸ್ತಾನು ವಹಿಯ ಅಂಕಿಗಳನ್ನು ಗೋದಾಮಿನ ಸರಕಿನೊಂದಿಗೆ ತಾಳೆ ನೋಡುವುದು ವರ್ತಕರಿಗೆ ಹೊಸದಲ್ಲ. ಅದೇ ಪದ್ಧತಿಯನ್ನು ಇಲ್ಲಿಯೂ ಅನುಸರಿಸಬಹುದು. ರೌಟರ್‌ನ ಆಡಳಿತ ಪುಟದಲ್ಲಿ ಆ ಕ್ಷಣಕ್ಕೆ ಜಾಲದಲ್ಲಿರುವ ಸಾಧನಗಳ ಪಟ್ಟಿ ದೊರೆಯುತ್ತದೆ. ಮನೆಯಲ್ಲಿರುವ ಮೊಬೈಲ್, ಲ್ಯಾಪ್‌ಟಾಪ್, ಟಿವಿ, ಮುದ್ರಕಗಳ ಪಟ್ಟಿಯನ್ನು ಬರೆದುಕೊಂಡು ಎರಡನ್ನೂ ತಾಳೆ ನೋಡಬೇಕು. ಪಟ್ಟಿಯಲ್ಲಿ ಹನ್ನೊಂದಿದ್ದು ಮನೆಯಲ್ಲಿ ಎಂಟೇ ಇದ್ದರೆ, ಉಳಿದ ಮೂರರ ವಿವರಣೆ ದೊರೆಯುವವರೆಗೆ ಸುಮ್ಮನಿರಬಾರದು. ವಿವರಣೆ ದೊರೆಯದಿದ್ದರೆ ವೈ-ಫೈ ಗುಪ್ತಪದವನ್ನು ಬದಲಾಯಿಸಿದರಾಯಿತು. ಹಳೆಯ ಸಾಧನಗಳೆಲ್ಲ ಹೊರಬೀಳುತ್ತವೆ, ಅರ್ಹವಾದವುಗಳನ್ನು ಮತ್ತೆ ಸೇರಿಸಿಕೊಳ್ಳಬಹುದು.

ಈ ತಾಳೆಯನ್ನು ಮೂರು ತಿಂಗಳಿಗೊಮ್ಮೆ ನಡೆಸುವುದು ಸೂಕ್ತ. ಮನೆಗೆ ಬಂದು ಲೆಕ್ಕ ಬರೆಯುತ್ತಿದ್ದ ಗುಮಾಸ್ತರು ಕೆಲಸ ಬಿಟ್ಟಾಗ ಬ್ಯಾಂಕಿನ ಅಧಿಕಾರಪತ್ರವನ್ನು ಹಿಂಪಡೆಯುವಂತೆಯೇ ವೈ-ಫೈ ಗುಪ್ತಪದವನ್ನೂ ಬದಲಾಯಿಸಬೇಕು. ಇದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ, ಆಂತರಿಕ ನಿಯಂತ್ರಣದ ಸಾಮಾನ್ಯ ನಿಯಮ. ಹಳೆಯ ರೌಟರನ್ನು ಮಾರುವಾಗ ಅಥವಾ ಹಿಂದಿರುಗಿಸುವಾಗ ಹಿಂಬದಿಯ ಸಣ್ಣ ರಂಧ್ರದಲ್ಲಿರುವ ರೀಸೆಟ್ ಗುಂಡಿಯನ್ನು ಒತ್ತಿಹಿಡಿದು ಎಲ್ಲ ಮಾಹಿತಿಯನ್ನು ಅಳಿಸಬೇಕು.

ವೆಚ್ಚದ ಲೆಕ್ಕ

ಮನೆಯ ಸಂಪರ್ಕವನ್ನು ವ್ಯವಹಾರಕ್ಕೂ ಬಳಸಿದಾಗ, ವ್ಯವಹಾರಕ್ಕೆ ಸಂಬಂಧಿಸಿದ ಪಾಲನ್ನು ಮಾತ್ರ ಖರ್ಚಾಗಿ ತೋರಿಸಬಹುದು. ಅಂತರಜಾಲ ಸೇವೆಯ ಮೇಲಿನ ಶೇ. 18 ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆಗೂ ಇದೇ ತತ್ವ ಅನ್ವಯಿಸುತ್ತದೆ. ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಾಗಿರಬೇಕು. ಸ್ವಂತ ಹಣದಿಂದ ಕೊಂಡ ರೌಟರ್‌ನ ಸವಕಳಿಯ ವಿಷಯದಲ್ಲಿ, ಗಣಕಯಂತ್ರದ ಜೊತೆಗೂಡಿ ಬಳಕೆಯಾಗುವ ರೌಟರನ್ನು ಗಣಕಯಂತ್ರದ ಯಂತ್ರಾಂಶವೆಂದು ಪರಿಗಣಿಸಬಹುದೆಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬಯಿ ವಿಶೇಷ ಪೀಠವು 2010ರಲ್ಲಿ ಡೇಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಅಂದು ಶೇ. 60ರಷ್ಟಿದ್ದ ದರವನ್ನು 2017-18ನೇ ಹಣಕಾಸು ವರ್ಷದಿಂದ ಶೇ. 40ಕ್ಕೆ ಇಳಿಸಲಾಯಿತು. ಆದುದರಿಂದ ಹಳೆಯ ಸಾಧನವನ್ನು ಬದಲಾಯಿಸುವ ವೆಚ್ಚ ಪೂರ್ತಿಯಾಗಿ ಕೈಯಿಂದ ಹೋದಂತಲ್ಲ.

ಅನಾಹುತ ಸಂಭವಿಸಿದಾಗ

ಖಾತೆಯಿಂದ ಹಣ ಹೋಗಿರುವುದು ತಿಳಿದ ತಕ್ಷಣ ಬ್ಯಾಂಕಿಗೆ ತಿಳಿಸಿ, 1930 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬೇಕು; ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಬಹುದು. ಇಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಡೆಹಿಡಿಯಲು ಸಾಧ್ಯವಾಗಬೇಕು. ವ್ಯವಹಾರ ಸಂಸ್ಥೆಗಳಿಗೆ ಇನ್ನೊಂದು ಹೊಣೆಯೂ ಇದೆ. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ನಿಗದಿತ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಆ ಘಟನೆಗಳ ಪಟ್ಟಿಯಲ್ಲಿ ರೌಟರ್‌ಗಳ ಮೇಲಿನ ದಾಳಿಯೂ ಸೇರಿದೆ. ಅನ್ಯರ ಜಾಲಕ್ಕೆ ಅನುಮತಿಯಿಲ್ಲದೆ ಅಪ್ರಾಮಾಣಿಕ ಉದ್ದೇಶದಿಂದ ನುಗ್ಗುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 66ನೇ ಪ್ರಕರಣದಂತೆ 3 ವರ್ಷಗಳವರೆಗಿನ ಸೆರೆವಾಸ ಅಥವಾ 5 ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡಕ್ಕೂ ಗುರಿಪಡಿಸಬಹುದಾದ ಅಪರಾಧ. ಆದರೆ ನುಗ್ಗಿದವನು ಸಿಕ್ಕಿಬೀಳುವವರೆಗೆ ಉತ್ತರ ಹೇಳಬೇಕಾದವನು ಚಂದಾದಾರನೇ.

ಆ ಉತ್ತರ ಸುಲಭವಾಗಬೇಕಾದರೆ ದಾಖಲೆಯಿರಬೇಕು. ಗುಪ್ತಪದವನ್ನು ಬದಲಾಯಿಸಿದ ದಿನಾಂಕ, ಸಾಧನಗಳ ತಾಳೆ ನೋಡಿದ ದಿನಾಂಕ ಮತ್ತು ಫರ್ಮ್‌ವೇರ್ ನವೀಕರಿಸಿದ ದಿನಾಂಕಗಳನ್ನು ಒಂದು ಪುಟ್ಟ ವಹಿಯಲ್ಲಿ ಬರೆದಿಟ್ಟರೆ, ಚಂದಾದಾರನು ತನ್ನ ಕಡೆಯಿಂದ ಎಚ್ಚರ ವಹಿಸಿದ್ದನೆಂಬುದಕ್ಕೆ ಅದು ಆಧಾರವಾಗುತ್ತದೆ. ಬರೆದಿಡದ ವ್ಯವಹಾರಕ್ಕೆ ಸಾಕ್ಷಿಯಿಲ್ಲವೆಂಬ ಮಾತು ವರ್ತಕ ಸಮುದಾಯಕ್ಕೆ ಹೇಳಿಕೊಡಬೇಕಾದುದಲ್ಲ. ಮುಂದಿನ ತಿಂಗಳ ರಿಟರ್ನ್ ಸಲ್ಲಿಸಲು ಕುಳಿತುಕೊಳ್ಳುವ ಮುನ್ನ ರೌಟರ್‌ನ ಅಡಿಯಲ್ಲಿರುವ ಚೀಟಿಯನ್ನು ಒಮ್ಮೆ ಓದಿ, ಆಡಳಿತ ಗುಪ್ತಪದವನ್ನು ಬದಲಾಯಿಸಿದರೆ, ಆ ವಹಿಯ ಮೊದಲ ನಮೂದು ಅದೇ ಆಗುತ್ತದೆ.